ಸ್ಪೇನಿನ ಹಳ್ಳಿದಾರಿಗಳೂ ಬೈಸಿಕಲ್ಲೂ

ಸ್ಪೇನ್ ದೇಶದ ನಡುನಾಡು ವಿಶಾಲವಾದೊಂದು ಪ್ರಸ್ಥಭೂಮಿ. ಅಲ್ಲಿಯ ಜನರು ಅದನ್ನು ಮೆಸೆತಾ ಎಂದು ಕರೆಯುತ್ತಾರೆ. ಸಮುದ್ರಮಟ್ಟಕ್ಕಿಂತ ಆರೇಳುನೂರು ಮೀಟರು ಎತ್ತರದಲ್ಲಿರುವ ಈ ಬಯಲಿಗೆ ಉತ್ತರದಲ್ಲಿ ಕ್ಯಾಂಟಾಬ್ರಿಯದ ಗಿರಿಗಳೂ ಪೂರ್ವದಲ್ಲಿ ಐಬೀರಿಯದ ಶ್ರೇಣಿಯೂ ದಕ್ಷಿಣದಲ್ಲಿ ಸಿಯೆರಾ ಮೊರೇನವೂ ಕೋಟೆಗೋಡೆಗಳಂತೆ ನಿಂತಿವೆ. ನಡುವೆ ಮತ್ತೊಂದು ಪರ್ವತಸಾಲು ಹಾದು ಅದನ್ನು ಎರಡಾಗಿ ಸೀಳಿದೆ. ನದಿಗಳಿಗೆ ಕೊರತೆಯಿಲ್ಲ, ಆದರೆ ದೊಡ್ಡ ಹಡಗು ಒಳನಾಡಿಗೆ ಬರುವುದು ಗ್ವಾದಲ್ಕಿವಿರ್ ನದಿಯಲ್ಲಿ ಸೆವಿಲ್ಯಾ ಪಟ್ಟಣದವರೆಗೆ ಮಾತ್ರ. ಆದುದರಿಂದ ಈ ದೇಶದಲ್ಲಿ ಧಾನ್ಯವಾಗಲಿ ಉಣ್ಣೆಯಾಗಲಿ ಸೇನೆಯಾಗಲಿ ಅರಸನ ಅಪ್ಪಣೆಯಾಗಲಿ ಚಲಿಸಬೇಕಾದರೆ ನೆಲದ ದಾರಿಯನ್ನೇ ನಂಬಬೇಕಾಗಿದ್ದಿತು. ಆ ದಾರಿಯೋ ಕಣಿವೆ ಇಳಿದು ಕಣಿವೆ ಹತ್ತುವ ದಾರಿ.

ಈಗ ವಸಂತಕಾಲ ಬಂದಿತೆಂದರೆ ಬ್ರಿಟನ್, ಜರ್ಮನಿ, ಹಾಲೆಂಡ್, ಬೆಲ್ಜಿಯಂ ಮೊದಲಾದ ದೇಶಗಳಿಂದ ಬೈಸಿಕಲ್ ಸವಾರರು ಈ ದಾರಿಗಳನ್ನು ಅರಸಿಕೊಂಡು ಬರುತ್ತಾರೆ. ಬಿಸಿಲು ಹಿತವಾದುದು, ಏರುಗಳು ಉದ್ದವಾದುವು, ದಾರಿಯ ಮೈ ನುಣುಪಾದುದು ಎಂದು ಹೊಗಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅವರು ಕೊಂಡಾಡುವುದು ದಾರಿಯ ನಿರ್ಜನತೆಯನ್ನು. ಬೆಳಗಿನಿಂದ ಮಧ್ಯಾಹ್ನದವರೆಗೆ ಸವಾರಿ ಮಾಡಿದರೂ ಬೆರಳೆಣಿಕೆಯ ಮೋಟಾರುಗಳು ಮಾತ್ರ ಎದುರಾಗುವ ದಾರಿಗಳು ಪಶ್ಚಿಮ ಯೂರೋಪಿನಲ್ಲಿ ಬಹಳ ಉಳಿದಿಲ್ಲ. ಆದರೆ ದಾರಿಯೆಂಬುದು ನಿರ್ಜನತೆಗಾಗಿ ಹುಟ್ಟುವುದಲ್ಲ. ಯಾರೋ ಯಾವುದೋ ಪ್ರಯೋಜನಕ್ಕಾಗಿ ಅದನ್ನು ತುಳಿದರು, ಅಗೆದರು, ಕಲ್ಲು ಹಾಸಿದರು. ಅವರು ಯಾರು, ಎಲ್ಲಿ ಹೋದರು ಎಂಬುದರಲ್ಲಿಯೇ ಸ್ಪೇನಿನ ಗ್ರಾಮಾಂತರದ ಚರಿತ್ರೆ ಬಹುಮಟ್ಟಿಗೆ ಅಡಗಿದೆ.

ಈ ದಾರಿಗಳಲ್ಲಿ ಅತಿ ಹಳೆಯವಾದ ಹಲವು ಕುರಿಗಳು ಮಾಡಿದವು. ಸೋರಿಯಾ, ಸೆಗೋವಿಯಾ, ಲೆಯೋನ್, ಕ್ವೆಂಕಾ ಸೀಮೆಗಳ ಬೆಟ್ಟಗಳಲ್ಲಿ ಬೇಸಗೆಯಲ್ಲಿ ಹುಲ್ಲು ಹುಲುಸಾಗಿ ಬೆಳೆಯುತ್ತದೆ; ಚಳಿಗಾಲದಲ್ಲಿ ಹಿಮ ಕವಿಯುತ್ತದೆ. ದಕ್ಷಿಣದ ಎಕ್ಸ್ತ್ರೆಮದೂರಾ, ಆಂದಲೂಸಿಯಾ ಬಯಲುಗಳಲ್ಲಿ ಇದಕ್ಕೆ ತಿರುಗುಮುರುಗು. ಚಳಿಗಾಲದಲ್ಲಿ ಮೇವು, ಬೇಸಗೆಯಲ್ಲಿ ಬಿರಿದ ನೆಲ. ಆದಕಾರಣ ಕುರಿಗಾಹಿಗಳು ಮಂದೆಗಳನ್ನು ಹೊಡೆದುಕೊಂಡು ಶರತ್ಕಾಲದಲ್ಲಿ ದಕ್ಷಿಣಕ್ಕೆ ಇಳಿಯುವರು, ವಸಂತದಲ್ಲಿ ಉತ್ತರಕ್ಕೆ ಏರುವರು. ೧೨೭೩ರಲ್ಲಿ ಕ್ಯಾಸ್ಟೀಲಿನ ಅರಸನಾದ ಹತ್ತನೆಯ ಅಲ್ಫಾನ್ಸೊ ಕುರಿಯ ಒಡೆಯರ ಸಂಘಕ್ಕೆ ಸನ್ನದು ಕೊಟ್ಟನು. ಇದೇ ಮೆಸ್ತಾ ಎಂದು ಪ್ರಸಿದ್ಧವಾದ ಸಂಸ್ಥೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಅದರ ರಕ್ಷಣೆಯಲ್ಲಿ ಸುಮಾರು ಮೂವತ್ತು ಲಕ್ಷ ಕುರಿಗಳು ವರ್ಷಕ್ಕೆರಡು ಸಲ ದೇಶವನ್ನು ಹಾದುಹೋಗುತ್ತಿದ್ದುವು. ಅವುಗಳ ಮೆರೀನೊ ಉಣ್ಣೆ ಬುರ್ಗೋಸ್ ಪಟ್ಟಣದ ವರ್ತಕರ ಮೂಲಕ ಫ್ಲಾಂಡರ್ಸಿನ ನೇಯ್ಗೆಯವರಿಗೆ ತಲಪುತ್ತಿದ್ದಿತು. ಅರಸನ ಬೊಕ್ಕಸಕ್ಕೆ ಅದರಿಂದ ಬರುವ ಸುಂಕ ಅಲ್ಪವಾದುದಲ್ಲ.

ಮಂದೆಯ ಹೆದ್ದಾರಿಗೆ ಕಾನ್ಯಾದಾ ರೆಯಾಲ್, ಎಂದರೆ ರಾಜಮಾನ್ಯವಾದ ಕುರಿದಾರಿ, ಎಂದು ಹೆಸರು. ಅದರ ಅಗಲ ತೊಂಬತ್ತು ವಾರಾ ಇರಬೇಕೆಂದು ವಿಧಿಯಿದ್ದಿತು. ಈಗಿನ ಅಳತೆಯಲ್ಲಿ ಸುಮಾರು ೭೫ ಮೀಟರು. ಅದಕ್ಕಿಂತ ಚಿಕ್ಕದು ಅದರ ಅರ್ಧ, ಇನ್ನೂ ಚಿಕ್ಕದು ಸುಮಾರು ೨೧ ಮೀಟರು. ಕುರಿಗಳಿಗೆ ಇಷ್ಟು ಅಗಲವೇಕೆಂದರೆ, ಮಂದೆ ನಡೆಯುತ್ತಲೇ ಮೇಯಬೇಕು, ದಾರಿಯೇ ಹುಲ್ಲುಗಾವಲು. ರೈತರಿಗೆ ಇದು ಕಣ್ಣಿನಲ್ಲಿ ಬಿದ್ದ ಕಸ. ನೇಗಿಲಿನ ಒಂದೊಂದು ಸಾಲಿನಿಂದ ದಾರಿಯ ಅಂಚನ್ನು ಒಳಗೆ ಹಾಕಿಕೊಳ್ಳುವುದು, ಮೆಸ್ತಾದ ಸಂಚಾರಿ ನ್ಯಾಯಾಧಿಪತಿಗಳು ಬಂದು ಅದನ್ನು ಬಿಡಿಸಿ ದಂಡ ವಿಧಿಸುವುದು, ಅವರು ಬೆನ್ನು ತಿರುಗಿಸಿದೊಡನೆ ಮತ್ತೆ ಉಳುವುದು, ಹೀಗೆ ಐದು ಶತಮಾನಗಳ ವ್ಯಾಜ್ಯ ನಡೆಯಿತು. ಕೃಷಿಯನ್ನು ಮೆಸ್ತಾ ಹಾಳುಮಾಡಿತೆಂದು ಅನೇಕರು ದೂರಿದ್ದಾರೆ. ಆ ದೂರಿನಲ್ಲಿ ನಿಜಾಂಶವಿದ್ದರೂ, ಇಂದು ಸ್ಪೇನಿನಲ್ಲಿ ಸಾರ್ವಜನಿಕವಾಗಿ ಉಳಿದ ನೆಲದ ಒಂದು ಮುಖ್ಯ ಭಾಗವನ್ನು ಕಾಪಾಡಿದವರು ಆ ಹಟಮಾರಿಗಳಾದ ಕುರಿಯ ಒಡೆಯರೇ ಎಂಬುದನ್ನೂ ಮರೆಯಲಾಗದು. ಮೆಸ್ತಾ ೧೮೩೬ರಲ್ಲಿ ರದ್ದಾಯಿತು. ದಾರಿಗಳು ರದ್ದಾಗಲಿಲ್ಲ. ಸುಮಾರು ೧,೨೫,೦೦೦ ಕಿಲೋಮೀಟರಿನ ಈ ಜಾಲವು ಸಾರ್ವಜನಿಕ ಸ್ವತ್ತು, ಮಾರತಕ್ಕುದಲ್ಲ ಎಂದು ೧೯೯೫ರ ಶಾಸನ ಮತ್ತೆ ಸಾರಿತು. ಮಂದೆಯ ಹಕ್ಕಿಗೆ ಅಡ್ಡಿಯಾಗದಂತೆ ಕಾಲ್ನಡೆಯವರೂ ಕುದುರೆಯವರೂ ಮೋಟಾರಿಲ್ಲದ ವಾಹನದವರೂ ಅಲ್ಲಿ ಸಂಚರಿಸಬಹುದೆಂದು ಅದೇ ಶಾಸನ ಅನುಮತಿ ಕೊಟ್ಟಿದೆ. ಮಣ್ಣುದಾರಿಯಲ್ಲಿ ಹೋಗುವ ಬೈಸಿಕಲ್ ಸವಾರನಿಗೆ ಕಾಯಿದೆಯಲ್ಲಿ ದೊರೆತ ಸ್ಥಾನ ಇದು. ಅವನು ಕುರಿಗಳ ಅತಿಥಿ.

ಕಲ್ಲುಹಾಸಿನ ದಾರಿಗಳ ಕಥೆ ಬೇರೆ. ಅವು ಅರಸರ ಉದ್ಯಮ. ೧೭೬೧ರಲ್ಲಿ ಮೂರನೆಯ ಕಾರ್ಲೋಸ್ ಅರಸನು ರಾಜಧಾನಿಯಾದ ಮ್ಯಾಡ್ರಿಡ್‌ನಿಂದ ಆಂದಲೂಸಿಯಾ, ಕತಲೂನ್ಯಾ, ಗಲೀಸಿಯಾ, ವಲೆನ್ಸಿಯಾ ಸೀಮೆಗಳಿಗೆ ನೇರವೂ ದೃಢವೂ ಆದ ರಸ್ತೆಗಳನ್ನು ಮಾಡಬೇಕೆಂದು ಆಜ್ಞೆ ಹೊರಡಿಸಿದನು. ಚಕ್ರದ ಅರಗಳಂತೆ ರಸ್ತೆಗಳು ನಡುವಿನಿಂದ ಹೊರಟುವು. ಸಿಯೆರಾ ಮೊರೇನವನ್ನು ದೆಸ್ಪೆನ್ಯಪೆರೋಸ್ ಎಂಬ ಭಯಂಕರವಾದ ಕಮರಿಯಲ್ಲಿ ದಾಟುವ ರಸ್ತೆಯನ್ನು ಕಾರ್ಲೋಸ್ ಲೆಮೌರ್ ಎಂಬ ಎಂಜಿನಿಯರನು ೧೭೭೯ರಿಂದ ೧೭೮೩ರ ವರೆಗಿನ ಅವಧಿಯಲ್ಲಿ ಕಡಿಸಿದನು. ಅದರ ಬಳಿಯ ಕಾಡಿನಲ್ಲಿ ಕಳ್ಳರ ಭಯ ತಪ್ಪಲೆಂದು ಜರ್ಮನ್ ರೈತರನ್ನು ಕರೆಸಿ ಲಾ ಕರೋಲಿನಾ ಮುಂತಾದ ಹೊಸ ಊರುಗಳನ್ನು ಕಟ್ಟಿಸಿದ್ದರು. ದಾರಿಯಿಂದ ಊರು, ಊರಿನಿಂದ ದಾರಿ. ಆದರೆ ಅರದಿಂದ ಅರಕ್ಕೆ ಅಡ್ಡದಾರಿ ಬಹುಕಾಲ ಇರಲಿಲ್ಲ. ನಡುವಿನ ಹಳ್ಳಿಗಳವರು ಹೇಸರಗತ್ತೆಯ ಕಾಲುದಾರಿಯಲ್ಲಿಯೇ ತೃಪ್ತಿಪಡಬೇಕಾಯಿತು.

ಈ ರಸ್ತೆಗಳನ್ನು ಕಾಯುವುದಕ್ಕೆ ೧೭೫೯ರಲ್ಲಿ ಪಿಯೋನ್ ಕಮಿನೇರೊ ಎಂಬ ಹೊಸ ನೌಕರನನ್ನು ನೇಮಿಸಿದರು. ಒಬ್ಬೊಬ್ಬನಿಗೆ ಒಂದೊಂದು ಲೀಗು, ಎಂದರೆ ಸುಮಾರು ಐದೂವರೆ ಕಿಲೋಮೀಟರು. ಗುಂಡಿ ಬಿದ್ದಲ್ಲಿ ಕಲ್ಲು ಒಡೆದು ತುಂಬುವುದು, ಮಳೆಗಾಲದ ಮುಂಚೆ ಚರಂಡಿ ಬಿಡಿಸುವುದು ಅವನ ಕೆಲಸ. ಕಾಲಕ್ರಮದಲ್ಲಿ ರಸ್ತೆಯ ಮಗ್ಗುಲಲ್ಲಿಯೇ ಅವನಿಗೊಂದು ಚಿಕ್ಕ ಮನೆಯನ್ನೂ ಕಟ್ಟಿಕೊಟ್ಟರು. ಊರಿನಿಂದ ದೂರದಲ್ಲಿ, ಗಾಳಿಗೆ ಒಡ್ಡಿಕೊಂಡು, ಎಷ್ಟೋ ಸಂಸಾರಗಳು ಆ ಮನೆಗಳಲ್ಲಿ ಬಾಳಿದುವು. ಯಂತ್ರಗಳೂ ಲಾರಿಗಳೂ ಬಂದ ಮೇಲೆ ಆ ವೃತ್ತಿ ಅಳಿಯಿತು. ಮಾಡು ಕುಸಿದ ಅಂಥ ಮನೆಗಳು ಇಂದಿಗೂ ಹಳೆಯ ರಸ್ತೆಗಳ ಪಕ್ಕದಲ್ಲಿ ಕಾಣಸಿಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಬಳಲಿದ ಸವಾರನು ಅವುಗಳ ಗೋಡೆಯ ನೆರಳಿನಲ್ಲಿ ಕುಳಿತು ನೀರು ಕುಡಿಯುತ್ತಾನೆ.

ಬೈಸಿಕಲ್ಲು ಈ ದೇಶಕ್ಕೆ ಮೊದಲು ಬಂದುದು ಪಟ್ಟಣದ ಶ್ರೀಮಂತರ ವಿನೋದವಾಗಿ. ಅದು ಗ್ರಾಮಾಂತರಕ್ಕೆ ಹೊರಟುದು ಪಂದ್ಯಗಳ ಮೂಲಕ. ಪಂದ್ಯಗಳನ್ನು ಹುಟ್ಟಿಸಿದವರು ಪತ್ರಿಕೆಯವರು. ಫ್ರಾನ್ಸಿನಲ್ಲಿ ೧೯೦೩ರಲ್ಲಿಯೂ ಇಟಲಿಯಲ್ಲಿ ೧೯೦೯ರಲ್ಲಿಯೂ ಪತ್ರಿಕೆಗಳು ತಮ್ಮ ಪ್ರಚಾರ ಹೆಚ್ಚಲೆಂದು ದೇಶಪ್ರದಕ್ಷಿಣೆಯ ಪಂದ್ಯಗಳನ್ನು ಏರ್ಪಡಿಸಿದ್ದುವು. ೧೯೧೧ರಲ್ಲಿ ಕತಲೂನ್ಯಾದ ಪ್ರದಕ್ಷಿಣೆ ಆರಂಭವಾಯಿತು. ಅದರ ಮೊದಲ ವಿಜಯಿ ಸೆಬಾಸ್ತಿಯಾ ಮಾಸ್ದೆಯು. ಇಡೀ ಸ್ಪೇನಿನ ಪ್ರದಕ್ಷಿಣೆಗೆ ಇನ್ನೂ ಇಪ್ಪತ್ತನಾಲ್ಕು ವರ್ಷ ಕಾಯಬೇಕಾಯಿತು. ಅದಕ್ಕೆ ರಸ್ತೆಗಳ ದುಃಸ್ಥಿತಿಯೂ ಒಂದು ಕಾರಣವೆನ್ನಬಹುದು. ೧೯೨೬ರಲ್ಲಿ ಪ್ರೀಮೊ ದೆ ರಿವೇರಾನ ಸರ್ಕಾರವು ಮುಖ್ಯ ರಸ್ತೆಗಳಿಗೆ ಡಾಂಬರು ಮುಂತಾದ ಗಟ್ಟಿಮೈಯನ್ನು ಹೊದಿಸುವ ಯೋಜನೆಯನ್ನು ಕೈಕೊಂಡಿತು. ಅದು ಮೋಟಾರಿನ ಒಡೆಯರಿಗಾಗಿ ಮಾಡಿದ ಕೆಲಸ. ಬೈಸಿಕಲ್ಲಿನವರಿಗೆ ಅದರ ಪ್ರಯೋಜನ ಅನಾಯಾಸವಾಗಿ ಒದಗಿತು.

೧೯೩೫ರ ಏಪ್ರಿಲ್ ೨೯ರಂದು, ಹುವಾನ್ ಪುಹೋಲ್ ಎಂಬವರ ಸಂಪಾದಕತ್ವದ 'ಇನ್ಫೊರ್ಮಸಿಯೋನೆಸ್' ಪತ್ರಿಕೆಯ ಆಶ್ರಯದಲ್ಲಿ, ಐವತ್ತು ಮಂದಿ ಸವಾರರು ಮ್ಯಾಡ್ರಿಡ್‌ನಿಂದ ಹೊರಟರು. ವುಯೆಲ್ತಾ, ಎಂದರೆ ಪ್ರದಕ್ಷಿಣೆ, ಎಂದು ಪಂದ್ಯಕ್ಕೆ ಹೆಸರು. ವಲ್ಯಾದೊಲಿದ್, ಸಂತಾಂದೆರ್, ಬಿಲ್ಬಾವೊ, ಸಾನ್ ಸೆಬಾಸ್ತಿಯಾನ್, ಸರಗೋಸಾ, ಬಾರ್ಸೆಲೋನಾ, ತೊರ್ತೋಸಾ, ವಲೆನ್ಸಿಯಾ, ಮೂರ್ಸಿಯಾ, ಗ್ರನಾಡಾ, ಸೆವಿಲ್ಯಾ, ಕಾಸೆರೆಸ್, ಸಮೋರಾ, ಅಲ್ಲಿಂದ ಮರಳಿ ಮ್ಯಾಡ್ರಿಡ್: ಹದಿನಾಲ್ಕು ಹಂತಗಳಲ್ಲಿ ೩,೪೦೦ ಕಿಲೋಮೀಟರಿಗೂ ಮೇಲೆ. ದಿನವೊಂದಕ್ಕೆ ಸರಾಸರಿ ಇನ್ನೂರ ನಲವತ್ತು ಕಿಲೋಮೀಟರಿಗೂ ಹೆಚ್ಚು ಸವಾರಿ ಎಂದಾಯಿತು. ಮೇ ೧೫ರಂದು ಹಿಂತಿರುಗಿದವರು ಇಪ್ಪತ್ತೊಂಬತ್ತು ಮಂದಿ. ಬೆಲ್ಜಿಯಂ ದೇಶದ ಗುಸ್ತಾಫ್ ದೆಲೋರ್ ಮೊದಲನೆಯವನಾದನು; ಸ್ಪೇನಿನ ಮರಿಯಾನೊ ಕನ್ಯಾರ್ದೊ ಎರಡನೆಯವನು. ಮರುವರ್ಷವೂ ದೆಲೋರನೇ ಗೆದ್ದನು. ಅವನ ಅಣ್ಣ ಆಲ್ಫೋನ್ಸ್ ಎರಡನೆಯವನಾದನು. ಹಂತಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ದೊಡ್ಡ ಪಟ್ಟಣಗಳೆಲ್ಲ ಅದರಲ್ಲಿ ಇವೆ. ಸೋರಿಯಾ ಇಲ್ಲ, ತೆರುಯೆಲ್ ಇಲ್ಲ, ಕ್ವೆಂಕಾ ಇಲ್ಲ. ಪತ್ರಿಕೆ ಕೊಳ್ಳುವವರಿದ್ದ ಕಡೆಗೆ ಪಂದ್ಯ ಹೋಯಿತು.

ಎರಡನೆಯ ಪ್ರದಕ್ಷಿಣೆ ೧೯೩೬ರ ಮೇ ತಿಂಗಳ ಕೊನೆಗೆ ಮುಗಿಯಿತು. ಜುಲೈ ನಡುವಿನಲ್ಲಿ ಅಂತರ್ಯುದ್ಧ ಆರಂಭವಾಯಿತು. ಆ ವೇಳೆಗೆ ಕೆಲವರು ಸ್ಪೇನಿನ ಸವಾರರು ಫ್ರಾನ್ಸಿನ ಪ್ರದಕ್ಷಿಣೆಯಲ್ಲಿದ್ದರು. ಅವರಲ್ಲಿ ಹುಲಿಯಾನ್ ಬೆರೆಂದೆರೊ ಎಂಬವನು ಪರ್ವತಾರೋಹಣದಲ್ಲಿ ಎಲ್ಲರನ್ನೂ ಮೀರಿಸಿ ಆ ವರ್ಷದ ಗಿರಿಪ್ರಶಸ್ತಿಯನ್ನು ಪಡೆದನು. ಆದರೆ ಪ್ರಶಸ್ತಿ ಹಿಡಿದುಕೊಂಡು ಹಿಂತಿರುಗುವುದಕ್ಕೆ ಮನೆಯ ದಾರಿ ತೆರೆದಿರಲಿಲ್ಲ. ಯುದ್ಧ ಮುಗಿಯುವವರೆಗೆ ಆತನು ಫ್ರಾನ್ಸಿನಲ್ಲಿಯೇ ಉಳಿದನು. ೧೯೩೯ರಲ್ಲಿ ಗಡಿ ದಾಟಿ ಬಂದೊಡನೆ ಗೆದ್ದ ಪಕ್ಷದವರು ಆತನನ್ನು ಹಿಡಿದು ಸೆರೆಶಿಬಿರಕ್ಕೆ ಹಾಕಿದರು. ಹದಿನೆಂಟು ತಿಂಗಳು ಶಿಬಿರದಿಂದ ಶಿಬಿರಕ್ಕೆ ಅಲೆದು ಬಿಡುಗಡೆ ಹೊಂದಿದ ಆತನು ೧೯೪೧ರ ಬೇಸಗೆಯಲ್ಲಿ ಸ್ಪೇನಿನ ಪ್ರದಕ್ಷಿಣೆಗೆ ನಿಂತು ಗೆದ್ದನು. ೧೯೪೨ರಲ್ಲಿ ಮತ್ತೊಮ್ಮೆ ಗೆದ್ದನು. ಆ ೧೯೪೧ರ ಪಂದ್ಯಕ್ಕೆ ಬಂದವರು ಮೂವತ್ತೆರಡು ಮಂದಿ ಮಾತ್ರ. ಸೇತುವೆಗಳು ಮುರಿದಿದ್ದುವು, ರಬ್ಬರಿಗೂ ಬ್ರೆಡ್ಡಿಗೂ ಸಮನಾದ ಅಭಾವವಿದ್ದಿತು. ತನ್ನನ್ನು ಸೆರೆಯಲ್ಲಿಟ್ಟವರ ಮುಂದೆಯೇ ಅವರ ರಸ್ತೆಗಳಲ್ಲಿ ಮೊದಲನೆಯವನಾಗಿ ಬಂದ ಈ ಸವಾರನ ಹೆಸರು ದೆಲೋರನ ಹೆಸರಿಗಿಂತ ಹೆಚ್ಚು ಪ್ರಸಿದ್ಧವಾಗಬೇಕಾಗಿದ್ದಿತು, ಆಗಲಿಲ್ಲ.

ಯುದ್ಧಾನಂತರದ ಹಸಿವಿನ ವರ್ಷಗಳಲ್ಲಿ ಬೈಸಿಕಲ್ಲು ಕ್ರೀಡೆಯ ಸಾಧನವಾಗಿ ಉಳಿದುದಕ್ಕಿಂತ ಹೊಟ್ಟೆಪಾಡಿನ ಸಾಧನವಾದುದೇ ಹೆಚ್ಚು. ೧೯೩೯ರಿಂದ ೧೯೫೨ರ ವರೆಗೆ ಆ ದೇಶದಲ್ಲಿ ಆಹಾರಕ್ಕೆ ಪಡಿಚೀಟಿಯ ಪದ್ಧತಿಯಿದ್ದಿತು. ಪಡಿಯಿಂದ ಹೊಟ್ಟೆ ತುಂಬದು; ಆದುದರಿಂದ ಕಾಳಸಂತೆ ಬೆಳೆಯಿತು. ಅದಕ್ಕೆ ಜನರು ಎಸ್ತ್ರಪೆರ್ಲೊ ಎಂದು ಹೆಸರಿಟ್ಟರು. ಅದು ವಾಸ್ತವದಲ್ಲಿ ಒಂದು ಜೂಜುಚಕ್ರದ ಹೆಸರು. ಅದರ ಪರವಾನೆಯ ವಿಷಯದಲ್ಲಿ ೧೯೩೫ರಲ್ಲಿ ಹೊರಬಿದ್ದ ಲಂಚದ ಹಗರಣವು ಒಂದು ಸರ್ಕಾರವನ್ನೇ ಉರುಳಿಸಿದ್ದಿತು. ಮಂತ್ರಿಗಳ ವಂಚನೆಗೆ ಹುಟ್ಟಿದ ಹೆಸರು ಹೀಗೆ ಬಡವರು ಹಿಟ್ಟು ತರುವ ಕೆಲಸಕ್ಕೆ ಅಂಟಿಕೊಂಡಿತು. ತೊಲೇದೊ ಸೀಮೆಯ ಬಡ ಕುಟುಂಬವೊಂದರಲ್ಲಿ ೧೯೨೮ರಲ್ಲಿ ಜನಿಸಿದ ಫೆದೆರೀಕೊ ಬಹಮೊಂತೆಸ್ ಎಂಬ ಹುಡುಗನೂ ಹಾಗೆ ಬದುಕಿದವನೇ. ಹಳೆಯದೊಂದು ಬೈಸಿಕಲ್ಲಿನ ಮೇಲೆ ಹಳ್ಳಿಗಳಿಂದ ಧಾನ್ಯ, ಹಿಟ್ಟು, ಬ್ರೆಡ್ಡು ಹೇರಿಕೊಂಡು, ಕಾವಲಿನವರ ಕಣ್ಣು ತಪ್ಪಿಸಿ, ಏರುದಾರಿಗಳಲ್ಲಿ ತುಳಿಯುತ್ತಿದ್ದನು. ಹೊರೆಯೊಡನೆ ಏರಿದವನಿಗೆ ಬರಿಗೈಯಲ್ಲಿ ಏರುವುದು ಕಷ್ಟವಾಗಲಿಲ್ಲ. ಫ್ರಾನ್ಸಿನ ಪ್ರದಕ್ಷಿಣೆಯಲ್ಲಿ ಆರು ಸಲ ಗಿರಿಪ್ರಶಸ್ತಿ ಪಡೆದ ಆತನು ೧೯೫೯ರಲ್ಲಿ ಆ ಪಂದ್ಯವನ್ನೇ ಗೆದ್ದನು. ಅದನ್ನು ಗೆದ್ದ ಸ್ಪೇನಿನವರಲ್ಲಿ ಆತನೇ ಮೊದಲಿಗ. ತೊಲೇದೊವಿನ ಹದ್ದು ಎಂದು ಹೆಸರಾದ ಆತನು ೨೦೨೩ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು.

ಬಹಮೊಂತೆಸ್ ಪ್ಯಾರಿಸಿನಲ್ಲಿ ಗೆದ್ದ ಅದೇ ೧೯೫೯ರ ಜುಲೈಯಲ್ಲಿ ಸ್ಪೇನಿನ ಸರ್ಕಾರವು ಆರ್ಥಿಕ ಸ್ಥಿರೀಕರಣದ ಯೋಜನೆಯನ್ನು ಪ್ರಕಟಿಸಿತು. ದೇಶದ ಬಾಗಿಲು ಹೊರಗಿನ ಬಂಡವಾಳಕ್ಕೆ ತೆರೆಯಿತು, ಕಾರ್ಖಾನೆಗಳು ಹೆಚ್ಚಿದುವು. ಮೊದಲೇ ಆರಂಭವಾಗಿದ್ದ ವಲಸೆ ಮಹಾಪ್ರವಾಹವಾಯಿತು. ಮೆಸೆತಾದ ಹಳ್ಳಿಗರು ಮ್ಯಾಡ್ರಿಡ್‌ಗೆ, ಬಾರ್ಸೆಲೋನಾಕ್ಕೆ, ಬಿಲ್ಬಾವೊಗೆ, ಅಲ್ಲಿಂದಾಚೆ ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಹೊರಟರು. ೧೯೫೦ರಲ್ಲಿ ಸೋರಿಯಾ ಪ್ರಾಂತದಲ್ಲಿ ಸುಮಾರು ಒಂದು ಲಕ್ಷ ಅರುವತ್ತು ಸಾವಿರ ಜನರಿದ್ದರು; ಈಗ ತೊಂಬತ್ತು ಸಾವಿರದಷ್ಟು. ತೆರುಯೆಲ್ ಪ್ರಾಂತದಲ್ಲಿ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಮೇಲೆ ಇದ್ದವರು ಒಂದು ಲಕ್ಷ ಮೂವತ್ತೈದು ಸಾವಿರದ ಆಸುಪಾಸಿಗೆ ಇಳಿದಿದ್ದಾರೆ. ಹೋದವರು ಪ್ರಾಯದವರು, ಉಳಿದವರು ಮುದುಕರು. ಶಾಲೆ ಮುಚ್ಚಿತು, ಆ ಮೇಲೆ ಅಂಗಡಿ, ಆ ಮೇಲೆ ರೈಲು. ಸವಾರರು ಕೊಂಡಾಡುವ ನಿರ್ಜನತೆ ಹುಟ್ಟಿದುದು ಹೀಗೆ.

ಇದಕ್ಕೆ ಓಹೋಸ್ ನೇಗ್ರೋಸ್ ಎಂಬ ಊರಿನ ರೈಲುದಾರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ತೆರುಯೆಲ್ ಪ್ರಾಂತದ ಆ ಊರಿನ ಬೆಟ್ಟದಲ್ಲಿ ಕಬ್ಬಿಣದ ಅದುರಿದ್ದಿತು. ಅದನ್ನು ಮೆಡಿಟರೇನಿಯನ್ ತೀರದ ಸಗುಂತೊ ಬಂದರಿಗೆ ಸಾಗಿಸಬೇಕಾಗಿದ್ದಿತು. ಆಗಲೇ ಒಂದು ರೈಲು ಕಂಪೆನಿಯ ಹಳಿಗಳು ಅದೇ ದಿಕ್ಕಿನಲ್ಲಿ ಇದ್ದುವು. ಆದರೆ ಸಾಗಣೆಯ ದರದಲ್ಲಿ ಒಪ್ಪಂದವಾಗದೆ, ಗಣಿಯ ಕಂಪೆನಿಯವರು ಸಿಟ್ಟಿನಿಂದ ಎನ್ನುವ ಹಾಗೆ ಅದರ ಮಗ್ಗುಲಲ್ಲಿಯೇ ಇನ್ನೂರು ಕಿಲೋಮೀಟರಿಗೂ ಉದ್ದವಾದ ತಮ್ಮದೇ ಹಳಿಯನ್ನು ಹಾಕಿಸಿದರು. ೧೯೦೭ರಲ್ಲಿ ಅದು ತೆರೆಯಿತು. ಬಡಸೀಮೆಯೊಂದರಲ್ಲಿ ಎರಡು ರೈಲುದಾರಿಗಳು ಅಕ್ಕಪಕ್ಕದಲ್ಲಿ, ಒಂದನ್ನೊಂದು ನೋಡಿಕೊಂಡು ಓಡಿದುವು. ೧೯೭೨ರಲ್ಲಿ ಗಣಿಯ ಹಳಿ ನಿಂತಿತು. ಸಗುಂತೊವಿನ ಕಬ್ಬಿಣದ ದೊಡ್ಡ ಕುಲುಮೆಗಳು ೧೯೮೪ರಲ್ಲಿ ಆರಿದುವು. ಆ ದಶಕದಲ್ಲಿಯೇ ಗಣಿಯೂ ಮುಚ್ಚಿತು.

೧೯೯೩ರಲ್ಲಿ ಸರ್ಕಾರವೂ ರೈಲ್ವೆ ಸಂಸ್ಥೆಗಳೂ ಕೂಡಿ, ಕೈಬಿಟ್ಟ ರೈಲುದಾರಿಗಳನ್ನು ಕಾಲ್ನಡೆಯವರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಡುವ ಕೆಲಸವನ್ನು ಆರಂಭಿಸಿದುವು. ವಿಯಾಸ್ ವೆರ್ದೆಸ್, ಹಸುರು ದಾರಿಗಳು, ಎಂದು ಅವುಗಳಿಗೆ ಹೆಸರು. ಈಗ ಅವು ೩,೦೦೦ ಕಿಲೋಮೀಟರನ್ನು ಮೀರಿವೆ. ರೈಲು ಕಡಿದಾಗಿ ಏರಲಾರದು. ಆದುದರಿಂದ ಈ ದಾರಿಗಳ ಏರೂ ಮೃದುವಾದುದು, ಮಕ್ಕಳೂ ವೃದ್ಧರೂ ಸವಾರಿ ಮಾಡಬಹುದಾದುದು. ಓಹೋಸ್ ನೇಗ್ರೋಸಿನ ದಾರಿಯೇ ಸುಮಾರು ೧೬೦ ಕಿಲೋಮೀಟರಿನಷ್ಟು ಹಸುರು ದಾರಿಯಾಗಿದೆ. ಆಂದಲೂಸಿಯಾದಲ್ಲಿ ಎಣ್ಣೆಯ ಪೀಪಾಯಿಗಳನ್ನು ಸಾಗಿಸಿದ ರೈಲುದಾರಿ, ಹಾಯೆನ್ ಪಟ್ಟಣದಿಂದ ಪ್ವೆಂತೆ ಹೆನೀಲ್ ವರೆಗೆ ೧೨೮ ಕಿಲೋಮೀಟರು, ಆಲಿವ್ ತೋಪುಗಳ ನಡುವೆ ಕಬ್ಬಿಣದ ಸೇತುವೆಗಳನ್ನು ದಾಟಿ ಸಾಗುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ಓಲ್ವೆರಾ ಊರಿನಿಂದ ಪ್ವೆರ್ತೊ ಸೆರಾನೊ ವರೆಗಿನ ೩೬ ಕಿಲೋಮೀಟರು. ಮೂವತ್ತು ಸುರಂಗಗಳನ್ನು ಕೊರೆದರು, ಕಮರಿಗಳಿಗೆ ಸೇತುವೆ ಕಟ್ಟಿದರು, ನಿಲ್ದಾಣಗಳನ್ನೂ ಎಬ್ಬಿಸಿದರು; ಯುದ್ಧ ಬಂದಿತು, ಹಣ ತೀರಿತು, ಒಂದು ರೈಲೂ ಆ ದಾರಿಯಲ್ಲಿ ಓಡಲಿಲ್ಲ. ಆ ನಿಲ್ದಾಣಗಳಿಗೆ ಬಂದ ಮೊದಲ ಪ್ರಯಾಣಿಕರು ಬೈಸಿಕಲ್ಲಿನವರೇ ಎಂದರೆ ಅತಿಶಯೋಕ್ತಿಯಲ್ಲ.

ಡಾಂಬರು ರಸ್ತೆಗಳಿಗೂ ಇಂಥದೇ ಗತಿಯಾಯಿತು. ೧೯೮೦ರ ದಶಕದಿಂದ ಹಳೆಯ ರಾಜಮಾರ್ಗಗಳ ಪಕ್ಕದಲ್ಲಿಯೇ ಮೋಟಾರುಗಳಿಗಾಗಿ ಹೊಸ ಹೆದ್ದಾರಿಗಳನ್ನು ನಿರ್ಮಿಸುತ್ತ ಬಂದರು; ಇಂದು ಅವು ಸುಮಾರು ೧೭,೦೦೦ ಕಿಲೋಮೀಟರು. ಲಾರಿಗಳೆಲ್ಲ ಅತ್ತ ಹೋದುವು. ಹಳೆಯ ರಸ್ತೆಯ ಮೇಲಿದ್ದ ಹೋಟೆಲುಗಳೂ ಊರುಗಳೂ ಗಿರಾಕಿಗಳನ್ನು ಕಳೆದುಕೊಂಡುವು. ಬೈಸಿಕಲ್ಲಿನವರಿಗೆ ಒಳ್ಳೆಯದೊಂದು ರಸ್ತೆ ದೊರೆಯಿತು. ಸವಾರನನ್ನು ದಾಟುವ ಮೋಟಾರು ಒಂದೂವರೆ ಮೀಟರಾದರೂ ದೂರವಿರಬೇಕೆಂಬ ಕಾಯಿದೆಯೂ ಅವರ ರಕ್ಷಣೆಗಿದೆ.

ತೆರುಯೆಲ್ ಪಟ್ಟಣದಿಂದ ಹೊರಟು ತೆರುಯೆಲ್, ಕ್ವೆಂಕಾ, ಗ್ವಾದಲಹಾರಾ ಪ್ರಾಂತಗಳ ಕಾಡುಬೆಟ್ಟಗಳನ್ನು ಸುತ್ತಿ ಅಲ್ಲಿಗೇ ಮರಳುವ, ಏಳುನೂರು ಕಿಲೋಮೀಟರಿನ ಹತ್ತಿರದ ಸುತ್ತುದಾರಿಯೊಂದನ್ನು ಈಚಿನ ವರ್ಷಗಳಲ್ಲಿ ಬೈಸಿಕಲ್ ಪ್ರವಾಸಿಗಳಿಗಾಗಿ ಗುರುತಿಸಿದ್ದಾರೆ. ಅದಕ್ಕೆ ಮೊಂತಾನ್ಯಾಸ್ ವಸೀಯಾಸ್, ಬರಿದಾದ ಬೆಟ್ಟಗಳು, ಎಂದು ಹೆಸರಿಟ್ಟಿದ್ದಾರೆ. ತಾಹೊ ನದಿ ಹುಟ್ಟುವುದು ಈ ಸೀಮೆಯಲ್ಲಿಯೇ. ೧೯೩೭-೩೮ರ ಚಳಿಗಾಲದಲ್ಲಿ ಅಂತರ್ಯುದ್ಧದ ಘೋರವಾದ ಕಾಳಗವೊಂದು ನಡೆದುದೂ ಇದೇ ತೆರುಯೆಲಿನಲ್ಲಿ. ಬರಿದು ಎಂಬ ಮಾತು ಸ್ಪೇನಿನಲ್ಲಿ ಈಗ ಹಗುರವಾದುದಲ್ಲ. ಸೆರ್ಹಿಯೊ ದೆಲ್ ಮೊಲೀನೊ ಎಂಬ ಲೇಖಕರು ೨೦೧೬ರಲ್ಲಿ ಬರಿದಾದ ಸ್ಪೇನನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ ಮೇಲೆ ಅದು ರಾಜಕೀಯದ ಮಾತಾಗಿದೆ. ನಮ್ಮ ಊರು ಬರಿದಾದುದಲ್ಲ, ಬರಿದು ಮಾಡಲ್ಪಟ್ಟುದು ಎಂದು ಅಲ್ಲಿಯ ಕೆಲವರು ಆ ಪದವನ್ನೇ ತಿದ್ದುತ್ತಾರೆ. ತೆರುಯೆಲ್ ಜೀವಂತವಾಗಿದೆ ಎಂದು ಲೋಕಕ್ಕೆ ಸಾರಲು ಅಲ್ಲಿಯ ನಾಗರಿಕರು ೧೯೯೯ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಹೀಗಿರುವಾಗ ಒಬ್ಬರ ದುಃಖಕ್ಕೆ ಇಟ್ಟ ಹೆಸರು ಇನ್ನೊಬ್ಬರ ವಿಹಾರಕ್ಕೆ ಆಕರ್ಷಣೆಯಾಗುವುದು ಉಚಿತವೇ ಎಂದು ಕೇಳುವವರನ್ನು ತಪ್ಪೆನ್ನುವಂತಿಲ್ಲ. ಇತ್ತ, ಬರುವವರನ್ನು ಬೇಡವೆನ್ನುವ ಸ್ಥಿತಿಯಲ್ಲಿ ಆ ಹಳ್ಳಿಗಳೂ ಇಲ್ಲ. ಅಂಗಡಿ, ಪಾನೀಯಗೃಹ, ತಂಗುವ ಕೋಣೆ ಮೂರನ್ನೂ ಒಂದೇ ಸೂರಿನಡಿ ನಡೆಸುವ ಮನೆಗಳಿಗೆ ತೆರುಯೆಲ್ ಪ್ರಾಂತದಲ್ಲಿ ಸರ್ಕಾರಿ ಪ್ರೋತ್ಸಾಹವುಂಟು. ಬೇರೆ ಬೇರೆಯಾಗಿ ನಡೆಸಿದರೆ ಒಂದೂ ಉಳಿಯದಷ್ಟು ಜನ ಕಡಮೆ. ಅಂಥ ಮನೆಯಲ್ಲಿ ಹತ್ತು ಮಂದಿ ಸವಾರರು ಊಟ ಮಾಡಿದರೆ ಅದು ಲೆಕ್ಕಕ್ಕೆ ಬರುವ ವ್ಯಾಪಾರ.

ಆಗಸ್ಟ್ ತಿಂಗಳಲ್ಲಿ ಊರಹಬ್ಬಕ್ಕೆ ಪಟ್ಟಣಗಳಿಂದ ಮಕ್ಕಳು ಮೊಮ್ಮಕ್ಕಳು ಹಿಂತಿರುಗುತ್ತಾರೆ. ಮುಚ್ಚಿದ ಮನೆಗಳ ಬಾಗಿಲುಗಳು ಕೆಲವು ವಾರ ತೆರೆಯುತ್ತವೆ. ಆ ಬಿಸಿಲಿನಲ್ಲಿ ಬೈಸಿಕಲ್ಲಿನವರು ಬರುವುದು ವಿರಳ. ಅವರ ಕಾಲ ವಸಂತವೂ ಶರತ್ತೂ. ಮೆಸ್ತಾದ ಮಂದೆಗಳು ಏರಿ ಇಳಿಯುತ್ತಿದ್ದುದೂ ಅದೇ ಎರಡು ಋತುಗಳಲ್ಲಿ. ಮಂದೆಗಳೂ ಪೂರ್ತಿಯಾಗಿ ಅಳಿದಿಲ್ಲ. ೧೯೯೪ರಿಂದ ಶರತ್ಕಾಲದ ಒಂದು ದಿನ ಕುರಿಗಾಹಿಗಳು ತಮ್ಮ ಹಕ್ಕನ್ನು ನೆನಪಿಗೆ ತರಲೆಂದು ಮಂದೆಗಳನ್ನು ಮ್ಯಾಡ್ರಿಡ್ ನಗರದ ನಡುಬೀದಿಯಲ್ಲಿ ನಡೆಸಿಕೊಂಡು ಹೋಗುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಆಗ ಅವರ ಮುಖಂಡನು, ೧೪೧೮ರ ಮಾರ್ಚ್ ೨ರಂದು ಮೆಸ್ತಾಕ್ಕೂ ನಗರಕ್ಕೂ ಆದ ಒಪ್ಪಂದದ ಪ್ರಕಾರ, ಸಾವಿರ ಕುರಿಗೆ ಐವತ್ತು ಮರವೇದಿ ನಾಣ್ಯಗಳಂತೆ ಸುಂಕವನ್ನು ನಗರಸಭೆಗೆ ಸಲ್ಲಿಸುತ್ತಾನೆ.